ಅಳತೆ ತಪ್ಪಿದ ಮೀನು

ನಮ್ಮ ಮನೆಯಲ್ಲಿ ಹರಿದ ಕಾಲುಚೀಲ ರಿಪೇರಿಯಾಗುವುದು ಒಂದು ಮೀನಿನ ಬೆನ್ನ ಮೇಲೆ. ಮರದ ಮೀನು. ಕಾಲುಚೀಲದ ಒಳಗೆ ಅದನ್ನು ತೂರಿಸಿ ಹಿಮ್ಮಡಿಯ ತೂತಿನ ಕೆಳಗೆ ಹಿಡಿದರೆ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ, ಸೂಜಿ ಸಲೀಸಾಗಿ ಓಡುತ್ತದೆ. ಇಷ್ಟು ವರ್ಷ ಯಾರೂ ಅದನ್ನು ಗಮನಿಸಿರಲಿಲ್ಲ. ಮೊನ್ನೆ ಮೊಮ್ಮಗಳು ಹೊಲಿಗೆ ಪೆಟ್ಟಿಗೆಯಲ್ಲಿ ಗುಂಡಿ ಹುಡುಕುತ್ತಾ ಅದನ್ನು ಮೇಲೆತ್ತಿದಳು.

"ಅಜ್ಜಿ, ಇದಕ್ಕೆ ಕಣ್ಣು ಯಾಕೆ ಉಂಟು?"

"ಮೀನಿಗೆ ಕಣ್ಣು ಇರುವುದಿಲ್ಲವಾ?"

"ಕಾಲುಚೀಲ ಹೊಲಿಯುವ ಮೀನಿಗೆ ಕಣ್ಣು ಎಂತಕ್ಕೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಹೇಳಲು ಹೊರಟರೆ ಕಡಲಿಗೆ ಹೋಗಬೇಕು, ಅಲ್ಲಿಂದ ಹಂಚಿನ ಕಾರ್ಖಾನೆಗೆ ಬರಬೇಕು, ನನ್ನ ಹೊಲಿಗೆ ಮಿಷನ್ನಿನ ತಲೆ ಹೋದ ಸುದ್ದಿಯನ್ನೂ ಹೇಳಬೇಕು. ಅಷ್ಟರಲ್ಲಿ ಅವಳಿಗೆ ಗುಂಡಿ ಸಿಕ್ಕಿತು, ಓಡಿಹೋದಳು. ಕಥೆ ನನ್ನ ಬಳಿಯೇ ಉಳಿಯಿತು. ನಿಮಗೆ ಪುರುಸೊತ್ತು ಇದ್ದರೆ ಕೇಳಿ.

ಆ ಮೀನನ್ನು ಮಾಡಿದವರು ನನ್ನ ಯಜಮಾನರು. ಹೆಸರು ಬರೆಯುವುದಿಲ್ಲ. ನಮ್ಮ ಕಾಲದ ಹೆಂಗಸರ ನಾಲಿಗೆಗೆ ಗಂಡನ ಹೆಸರು ಬರುತ್ತಿರಲಿಲ್ಲ. ಅವರು ತೀರಿಕೊಂಡು ಇಷ್ಟು ಕಾಲವಾದ ಮೇಲೂ ಅದು ನನ್ನ ಪೆನ್ನಿಗೆ ಬರುತ್ತಿಲ್ಲ. 'ಇವರು' ಎಂದರೆ ಅವರೇ ಎಂದು ತಿಳಿದುಕೊಳ್ಳಿ. ಇವರು ಹೊಳೆ ಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ರೈಟರ್ ಆಗಿದ್ದರು. ಹಗಲೆಲ್ಲ ಲೆಕ್ಕ ಬರೆದ ಕೈ ಸಂಜೆ ಉಳಿ, ಸುತ್ತಿಗೆ ಹಿಡಿಯದಿದ್ದರೆ ಊಟ ರುಚಿಸುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಇದೊಂದು ಒಳ್ಳೆಯ ಗುಣವೆಂದೇ ನಾನು ನಂಬಿದ್ದೆ. ಹಾಸಿಗೆಯಿಂದ ಏಳದೆಯೇ ಸೊಳ್ಳೆಪರದೆ ಮೇಲೇರಿಸಲು ಹಗ್ಗದ ಏರ್ಪಾಡೊಂದನ್ನು ಮಾಡಿದರು. ಪರದೆ ಮೇಲೇರುವ ಬದಲು ಅದರ ಚೌಕಟ್ಟು ನಮ್ಮ ಮೇಲೆ ಇಳಿಯಿತು. ಕಾಲಲ್ಲಿ ತುಳಿದು ತೆಂಗಿನಕಾಯಿ ತುರಿಯುವ ಯಂತ್ರ ಮಾಡಿದರು. ತುರಿ ಪಾತ್ರೆಗೆ ಬೀಳದೆ ಗೋಡೆಗೆ ಹೋಗಿ ಅಂಟಿತು. ನನ್ನ ತಾಯಿ ಒಮ್ಮೆ ಇದನ್ನೆಲ್ಲ ನೋಡಿ, "ಕುಡಿಯುವ ಚಟ ಇಲ್ಲ ಅಲ್ವಾ, ಇದಾದ್ರೂ ಇರಲಿ ಬಿಡು" ಎಂದು ನನಗೆ ಸಮಾಧಾನ ಹೇಳಿ ಹೋದರು.

ನಾನು ಹುಡುಗಿಯರ ಶಾಲೆಯೊಂದರಲ್ಲಿ ಹೊಲಿಗೆ ಕಲಿಸುತ್ತಿದ್ದೆ. ಮನೆಯಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ ಇತ್ತು, ತವರಿನಿಂದ ನನ್ನ ಜೊತೆಗೇ ಬಂದದ್ದು. ನೆರೆಕರೆಯ ಮದುವೆಯ ರವಿಕೆಗಳು, ಕ್ರಿಸ್ಮಸಿಗೆ ಮಕ್ಕಳ ಫ್ರಾಕುಗಳು ಅದರ ಕೆಳಗಿನಿಂದಲೇ ಹೊರಬರುತ್ತಿದ್ದವು. ಅದರ ಮೆಟ್ಟು ಮತ್ತು ದೊಡ್ಡ ಗಾಲಿಯ ಮೇಲೆ ಇವರಿಗೆ ಮೊದಲಿನಿಂದಲೂ ಒಂದು ಕಣ್ಣಿತ್ತು. ನಾನು ಹೊಲಿಯುವಾಗ ಇವರು ಬಟ್ಟೆಯನ್ನು ನೋಡುತ್ತಿರಲಿಲ್ಲ, ನನ್ನನ್ನಂತೂ ನೋಡುತ್ತಲೇ ಇರಲಿಲ್ಲ, ಗಾಲಿ ತಿರುಗುವುದನ್ನು ನೋಡುತ್ತಿದ್ದರು.

ನಮ್ಮ ಮನೆ ಕೊಡಿಯಾಲ್‌ಬೈಲಿನಲ್ಲಿ. ಈಗಿನವರಿಗೆ ಹೇಳಿದರೆ ನಂಬುವುದಿಲ್ಲ, ಯುದ್ಧಕ್ಕೆ ಮೊದಲಿನ ಆ ದಿನಗಳಲ್ಲಿ ನಮ್ಮ ಜಗಲಿಯಲ್ಲಿ ಕುಳಿತರೆ ಎದುರಿಗೆ ಬರೀ ಗದ್ದೆ. ಬೆಳಿಗ್ಗೆ ಆ ಗದ್ದೆಯ ಹುಣಿಯ, ಅಂದರೆ ಬದುವಿನ, ಮೇಲೆ ತಲೆಯಲ್ಲಿ ಮೀನಿನ ಬುಟ್ಟಿ ಹೊತ್ತು ಕಲ್ಯಾಣಿ ಬರುತ್ತಿದ್ದಳು. ಉರ್ವದಾಚೆ ಕಡಲ ಕರೆಯ ಮೊಗವೀರರ ಹೆಂಗಸು. ಅವಳು ಕಾಣಿಸುವ ಮೊದಲೇ ಅವಳ ಸ್ವರ ಕೇಳಿಸುತ್ತಿತ್ತು, ಸ್ವರ ಕೇಳಿಸುವ ಮೊದಲೇ ನಮ್ಮ ಬೆಕ್ಕು ಜಗಲಿಗೆ ಬಂದು ಕೂರುತ್ತಿತ್ತು. ನಮ್ಮ ಮನೆಮಾತು ಕೊಂಕಣಿ, ಅವಳದು ತುಳು. ನಾವಿಬ್ಬರೂ ಜಗಳವಾಡುತ್ತಿದ್ದದ್ದು ಎರಡೂ ಸೇರಿದ ಯಾವುದೋ ಭಾಷೆಯಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಅವಳು ನನ್ನನ್ನು ಬಾಯಮ್ಮ ಎಂದು ಕರೆಯುತ್ತಿದ್ದಳು. ಇವರು ಅವಳ ಪಾಲಿಗೆ ಪೊರ್ಬುಗಳು. ನಮ್ಮ ಕ್ರಿಸ್ತುವರ ಗಂಡಸರಿಗೆ ತುಳುವರು ಕೊಡುವ ಮರ್ಯಾದೆಯ ಹೆಸರದು.

ನಮ್ಮ ಮನೆಯಲ್ಲಿ ಯಾವ ದಿನ ಯಾವ ಮೀನಿನ ಪದಾರ್ಥ ಎಂಬುದನ್ನು ತೀರ್ಮಾನಿಸುತ್ತಿದ್ದವಳು ಕಲ್ಯಾಣಿಯೇ.

"ಬಂಗುಡೆ ಕೊಡು."

"ಬಂಗುಡೆ ಇವತ್ತು ನಿಮಗೆ ಬೇಡ ಬಾಯಮ್ಮ, ನಿನ್ನೆಯದ್ದು. ಬೂತಾಯಿ ತಕೊಳ್ಳಿ."

"ಹಾಗಾದ್ರೆ ಆ ಬಂಗುಡೆ ಯಾರಿಗೆ?"

"ಆಚೆ ಮನೆಯವರಿಗೆ. ಅವರಿಗೆ ಗೊತ್ತಾಗುದಿಲ್ಲ."

ಆಚೆ ಮನೆಯವರಿಗೂ ಅವಳು ಹೀಗೆಯೇ ಹೇಳುತ್ತಿದ್ದಳೋ ಏನೋ, ನಾನು ವಿಚಾರಿಸಲು ಹೋಗಲಿಲ್ಲ.

ಮಳೆಗಾಲ ಕಳೆದು ದೋಣಿಗಳು ಮತ್ತೆ ಕಡಲಿಗಿಳಿದ ಹೊಸತು. ಒಂದು ದಿನ ಅವಳು ಬುಟ್ಟಿ ಇಳಿಸಿದವಳು ಮೇಲೆ ಮುಚ್ಚಿದ ಎಲೆಯನ್ನು ತೆಗೆಯಲಿಲ್ಲ. "ಪೊರ್ಬುಗಳು ಇದ್ದಾರಾ?" ಎಂದು ಮೆಲ್ಲಗೆ ಕೇಳಿದಳು. ಕಲ್ಯಾಣಿ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇವರು ಕಾರ್ಖಾನೆಗೆ ಹೊರಟು ನಿಂತಿದ್ದರು, ಕೊಡೆ ಹಿಡಿದುಕೊಂಡೇ ಜಗಲಿಗೆ ಬಂದರು.

ಕಲ್ಯಾಣಿಯ ಗಂಡ ಜ್ವರದಲ್ಲಿ ತೀರಿಕೊಂಡು ಎರಡು ಮಳೆಗಾಲ ಕಳೆದಿತ್ತು. ಮಕ್ಕಳಿರಲಿಲ್ಲ. ಫೋಟೋ ತೆಗೆಸುವ ಅಭ್ಯಾಸ ಅವರಲ್ಲಿ ಆಗ ಎಲ್ಲಿಯದು? ಅವನ ಕೈಯದೆಂದು ಉಳಿದದ್ದು ಒಂದೇ ಒಂದು ಮರದ ಮೀನು. ಹಾಲೆ ಮರದ ಹಗುರ ತುಂಡಿನಲ್ಲಿ ಅವನು ಚಾಕುವಿನಿಂದ ಕೆತ್ತಿದ್ದು, ಕೆಳಗೆ ಎರಡು ಗಾಳ. ಹಾಯಿ ಬಿಚ್ಚಿ ದೋಣಿ ಓಡುವಾಗ ಉದ್ದ ಹುರಿಯ ತುದಿಗೆ ಅದನ್ನು ಕಟ್ಟಿ ಹಿಂದೆ ಬಿಡುತ್ತಾರೆ. ಅದು ನೀರಲ್ಲಿ ಓಡುವುದನ್ನು ಕಂಡು ಅಂಜಲ್ ಮೀನು ನಿಜವಾದ ಮೀನೆಂದು ಬಾಯಿ ಹಾಕುತ್ತದೆ. ಈಗ ದೋಣಿ ಅವಳ ಮೈದುನ ದೂಮನದು, ಮರದ ಮೀನೂ ಅವನ ಜೊತೆಗೇ ದಿನಾ ಕಡಲಿಗೆ ಹೋಗುತ್ತಿತ್ತು.

"ದೊಡ್ಡದೊಂದು ಬಂದು ಹುರಿ ಕಡಿದ್ರೆ ಮುಗೀತು" ಎಂದಳು ಕಲ್ಯಾಣಿ. "ದೋಣಿ ಬರುವಾಗ ಎಲ್ಲರೂ ಮೀನು ಎಷ್ಟು ಉಂಟು ಕೇಳ್ತಾರೆ. ನಾನು ಅದು ಬಂತಾ ಅಂತ ಕೇಳುದು."

"ದೂಮ ಬೇರೆ ಮಾಡಿಕೊಳ್ಳಬಾರದಾ?" ಎಂದೆ.

"ಮಾಡಿದ್ದಾನೆ ಬಾಯಮ್ಮ. ಅಂಜಲ್ ಅದರ ಹತ್ತಿರವೂ ಬರುದಿಲ್ಲ. ಅದೇ ಆಗಬೇಕು. ಅದಿಲ್ಲದಿದ್ರೆ ದೋಣಿ ಖಾಲಿ, ದೋಣಿ ಖಾಲಿಯಾದ್ರೆ ನನ್ನ ಬುಟ್ಟಿಯೂ ಖಾಲಿ. ಅದರ ಹಾಗೆಯೇ ಇನ್ನೊಂದು ಆದ್ರೆ ಅದನ್ನು ದೋಣಿಗೆ ಕೊಡುದು, ಇದನ್ನು ನಾನು ಮನೆಯಲ್ಲಿ ಇಟ್ಟುಕೊಳ್ಳುದು. ಪೊರ್ಬುಗಳ ಕೈಯಲ್ಲಿ ಆಗ್ತದಾ ಅಂತ."

ಇವರ ಮುಖ ಅರಳಿತು. "ಇನ್ನೊಂದು ಎಂತಕ್ಕೆ ಕಲ್ಯಾಣಿ? ಬೇಕಾದಷ್ಟು ಮಾಡುವ!" ಎಂದರು.

ಒಂದು ತುಂಡು ಮರ, ಒಂದು ಚಾಕು, ಒಂದಿಷ್ಟು ತಾಳ್ಮೆ ಇದ್ದರೆ ಆಗುವ ಕೆಲಸ ಎಂದು ನಾನು ಹೇಳಿದೆ. ಇವರು ಒಪ್ಪಲಿಲ್ಲ. ಕೈಯಲ್ಲಿ ಕೆತ್ತಿದರೆ ಒಂದರ ಹಾಗೆ ಇನ್ನೊಂದು ಆಗುವುದಿಲ್ಲ, ದೂಮನದು ಕೆಟ್ಟದ್ದೇ ಹಾಗೆ, ಇದಕ್ಕೆ ಯಂತ್ರವೇ ಬೇಕು ಎಂದರು. ಅಂದು ಕಾರ್ಖಾನೆಗೆ ಕೊಡೆ ಮರೆತು ಹೋದರು.

ಮೀನು ನಮ್ಮ ಮನೆಗೆ ಬಂದದ್ದು ದೂಮ ದೋಣಿಯನ್ನು ದಡಕ್ಕೆಳೆದು ಮೀನೆಣ್ಣೆ ಬಳಿದ ದಿನ. ಅಂದೊಂದು ದಿನ ಮಾತ್ರ ಅದಕ್ಕೆ ಕಡಲಿನ ಕೆಲಸವಿರಲಿಲ್ಲ. ಕಲ್ಯಾಣಿ ಅದನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಯಲ್ಲಿಟ್ಟಳು. ನಾನು ಏನೋ ದೊಡ್ಡ ಕುಸುರಿ ಕೆಲಸವೆಂದು ಎಣಿಸಿದ್ದೆ. ಸುಮಾರಾಗಿ ಉರುಟಾದ, ನಡುವಿನಲ್ಲಿ ಉಬ್ಬಿ ಬಾಲದ ಕಡೆ ಸಪೂರವಾದ ಒಂದು ತುಂಡು. ಮೈಯೆಲ್ಲ ಚಾಕುವಿನ ಗೆರೆಗಳು, ಎರಡು ಕಪ್ಪು ಕಣ್ಣುಗಳು.

"ಕಣ್ಣು ಮಾತ್ರ ನಾನು ಬರೆದದ್ದು" ಎಂದಳು ಕಲ್ಯಾಣಿ. "ನಮ್ಮವರು ಎಷ್ಟು ಕೆತ್ತಿದ್ರೂ ಕಣ್ಣು ಬರೆಯುವಾಗ ನನ್ನನ್ನು ಕರೀತಿದ್ರು. ಮನೆಯ ಹೆಂಗಸು ಕಣ್ಣು ಬರೆದ್ರೆ ಮೀನು ದಾರಿ ತಪ್ಪುದಿಲ್ಲ ಅಂತ."

ಅವಳೂ ಗಂಡನ ಹೆಸರು ಹೇಳಲಿಲ್ಲ. ನನಗೆ ಅವಳ ಮೇಲೆ ಒಂದು ಬಗೆಯ ಅಕ್ಕರೆ ಹುಟ್ಟಿದ್ದು ಆಗ. ಅಲ್ಲಿಯವರೆಗೆ ನನಗೆ ಅವಳ ಮೇಲೆ ಇದ್ದದ್ದು ಅನುಮಾನ ಮಾತ್ರ, ಬಂಗುಡೆಯ ವಿಷಯದಲ್ಲಿ.

ಇನ್ನು ಯಂತ್ರದ ಬಗ್ಗೆ ಹೇಳಬೇಕು. ನಾನು ಹೊಲಿಗೆಯವಳು, ನನಗೆ ಅರ್ಥವಾದಷ್ಟು ಹೇಳುತ್ತೇನೆ. ಮರ ಕಡೆಯುವ ಲೇತಿನಲ್ಲಿ ಮರದ ತುಂಡು ಎರಡು ಮೊಳೆಗಳ ನಡುವೆ ಗರಗರ ತಿರುಗುತ್ತದೆ, ಉಳಿ ತಾಗಿಸಿದಲ್ಲೆಲ್ಲ ಸವೆಯುತ್ತದೆ. ಮಂಚದ ಕಾಲು, ಲಟ್ಟಣಿಗೆ, ತೊಟ್ಟಿಲಿನ ಸರಳು ಎಲ್ಲ ಆಗುವುದು ಹಾಗೆ. ಇವರ ಉಪಾಯವೆಂದರೆ, ಉಳಿಯನ್ನು ಕೈಯಲ್ಲಿ ಹಿಡಿಯದೆ ಒಂದು ಜಾರುವ ಹಲಗೆಗೆ ಬಿಗಿಯುವುದು. ಹಲಗೆಯ ಇನ್ನೊಂದು ತುದಿಯಲ್ಲಿ ಮೊಂಡು ಕಬ್ಬಿಣದ ಬೆರಳೊಂದು ಇರುತ್ತದೆ. ಆ ಬೆರಳು ಮಾದರಿ ಮೀನಿನ ಬೆನ್ನನ್ನು ತಲೆಯಿಂದ ಬಾಲದವರೆಗೆ ಸವರುತ್ತಾ ಹೋಗಬೇಕು. ಬೆರಳು ಉಬ್ಬಿನಲ್ಲಿ ಹಿಂದೆ ಸರಿದರೆ ಉಳಿಯೂ ಸರಿಯುತ್ತದೆ, ಬೆರಳು ತಗ್ಗಿಗೆ ಇಳಿದರೆ ಉಳಿಯೂ ಮರಕ್ಕೆ ಇಳಿಯುತ್ತದೆ. ಮಾದರಿಯ ಆಕಾರವೇ ಮರದಲ್ಲಿ ಮೂಡುತ್ತದೆ. ಶಾಲೆಯಲ್ಲಿ ನಾನು ಬೆನ್ನು ತಿರುಗಿಸಿದಾಗ ನನ್ನ ನಡಿಗೆಯನ್ನು ಅಣಕಿಸುವ ಹುಡುಗಿಯರು ಇದ್ದರು. ಇದೂ ಅದೇ ಜಾತಿಯದು ಎನಿಸಿ ನಾನು ಅದಕ್ಕೆ ಅಣಕು ಯಂತ್ರ ಎಂದು ಹೆಸರಿಟ್ಟೆ. ಇವರಿಗೆ ಬೇಸರವಾಯಿತು, ಆದರೆ ಹೆಸರು ನಿಂತಿತು.

ಈ ಯಂತ್ರವನ್ನು ತಿರುಗಿಸಲು ಕಾಲು ಬೇಕು. ಒಂದು ಸಂಜೆ ನಾನು ಶಾಲೆಯಿಂದ ಬರುವಾಗ ನನ್ನ ಮಿಷನ್ನಿನ ತಲೆ ಬಿಚ್ಚಿ ಕಪಾಟಿನ ಮೇಲೆ ಕುಳಿತಿತ್ತು. ಅದರ ಮೇಲೆ ನನ್ನದೇ ಹಳೆಯ ಟವಲು ಹೊದೆಸಿದ್ದರು. ಕೆಳಗಿನ ಮೆಟ್ಟು, ಗಾಲಿ, ಚರ್ಮದ ಬೆಲ್ಟು ಎಲ್ಲ ಅಣಕು ಯಂತ್ರದ ಪಾಲಾಗಿದ್ದವು.

"ನಾಲ್ಕು ದಿನ ಮಾರಾಯ್ತಿ. ತಲೆಗೆ ಎಂತದೂ ಆಗಿಲ್ಲ, ಕಾಲು ಮಾತ್ರ ತಕೊಂಡದ್ದು."

ಕಲ್ಯಾಣಿಯ ಮುಖ ನೆನಪಾಗಿ ಸುಮ್ಮನಾದೆ. ನಾಲ್ಕು ದಿನವೆಂದರೆ ಇವರ ಲೆಕ್ಕದಲ್ಲಿ ಎಷ್ಟು ಎಂಬುದು ಸೊಳ್ಳೆಪರದೆಯ ಕಾಲದಿಂದಲೂ ನನಗೆ ಗೊತ್ತಿತ್ತು.

ಮಾದರಿ ಮಾತ್ರ, ಮೀನು ಮನೆಗೆ ಬಂದ ದಿನವೇ, ಒಂದು ಸಮಸ್ಯೆಯಾಗಿತ್ತು. ಕಲ್ಯಾಣಿಯ ಮೀನನ್ನೇ ಯಂತ್ರಕ್ಕೆ ಬಿಗಿದರೆ ಕಬ್ಬಿಣದ ಬೆರಳು ಅದರ ಮೈಯನ್ನು ತರಚುತ್ತದೆ; ಮೇಲಾಗಿ ಮರುದಿನ ಬೆಳಕು ಹರಿಯುವ ಮೊದಲು ಅದು ದೋಣಿಗೆ ಮರಳಬೇಕು. ಕಾರ್ಖಾನೆಯ ಮನುಷ್ಯನಿಗೆ ಇಂಥಾ ಹೊತ್ತಿನಲ್ಲಿ ಏನು ಹೊಳೆಯುತ್ತದೆ? ಮಣ್ಣು. ಪ್ಲಾಸ್ಟರಿನ ಪುಡಿ ಕಲಸಿ, ಗಾಳ ಕಳಚಿದ ಮೀನಿನ ಮೈಗೆ ತೆಂಗಿನೆಣ್ಣೆ ಸವರಿ, ಎರಡು ಹೋಳಾಗಿ ಅಚ್ಚು ತೆಗೆದರು. ಎಣ್ಣೆ ಒರೆಸಿ ಮೀನನ್ನು ಸಂಜೆಯೇ ಕಲ್ಯಾಣಿಗೆ ಒಪ್ಪಿಸಿದೆವು. ಮಾರನೆಯ ದಿನ ಹಂಚಿನ ನಯವಾದ ಮಣ್ಣನ್ನು ಅಚ್ಚಿಗೆ ಒತ್ತಿ ಮಣ್ಣಿನ ಮೀನು ಮಾಡಿದರು. ಬಿಡಿಸುವಾಗ ಅಚ್ಚು ಒಡೆದುಹೋಯಿತು, ಮೀನಿಗೆ ಏನೂ ಆಗಲಿಲ್ಲ. ಮಣ್ಣಿನ ಮೀನು ನೆರಳಲ್ಲಿ ಒಣಗಿತು, ಆಮೇಲೆ ಕಾರ್ಖಾನೆಯ ಗೂಡಿನಲ್ಲಿ ಹಂಚುಗಳ ನಡುವೆ ಕುಳಿತು ಸುಟ್ಟು ಕೆಂಪಾಗಿ ಬಂತು. ಕಲ್ಲಿನಷ್ಟು ಗಟ್ಟಿ. ಬೆರಳಿನಿಂದ ಹೊಡೆದರೆ ಟಣ್ ಎನ್ನುತ್ತಿತ್ತು. ಇವರು ಅದನ್ನು ಊಟದ ಹೊತ್ತಿಗೂ ಪಕ್ಕದಲ್ಲೇ ಇಟ್ಟುಕೊಂಡಿದ್ದರು.

ಕೊನೆಗೊಂದು ಶನಿವಾರ ಮಧ್ಯಾಹ್ನ ಯಂತ್ರ ತಿರುಗಿತು. ಮೆಟ್ಟು ತುಳಿಯಬೇಕಾದವಳು ನಾನೇ ಎಂದು ಬೇರೆ ಹೇಳಬೇಕೇ? ನಾನು ತುಳಿದೆ, ಇವರು ಹಲಗೆ ಜಾರಿಸಿದರು, ಮರದ ಹೊಟ್ಟು ಹಾರಿ ನನ್ನ ತಲೆಯ ಮೇಲೆಲ್ಲ ಬಿತ್ತು. ಮೊದಲನೆಯದು ಎರಡು ತುಂಡಾಯಿತು. ಎರಡನೆಯದು ಗಡ್ಡೆಗೆಣಸಿನ ಹಾಗಾಯಿತು. ಆಮೇಲೆ ಬೆರಳಿಗೂ ಉಳಿಗೂ ಹೊಂದಿಕೆಯಾಯಿತು ನೋಡಿ, ಒಂದರ ಹಿಂದೆ ಒಂದು ಮೀನು ಮರದೊಳಗಿನಿಂದ ಎದ್ದು ಬರತೊಡಗಿತು. ಎಲ್ಲ ಒಂದೇ ತೆರ. ಸುಳ್ಳು ಯಾಕೆ ಹೇಳಲಿ, ನನಗೂ ಹೆಮ್ಮೆಯಾಯಿತು. ಇಗರ್ಜಿಯಲ್ಲಿ ಸಂಜೆಯ ಗಂಟೆ ಬಾರಿಸುವಾಗ ಕೈ ಮುಗಿಯಲೆಂದು ನಿಂತವರು ಇವರು, ಪ್ರಾರ್ಥನೆಯ ನಡುವೆಯೂ ಒಂದು ಕಣ್ಣು ತೆರೆದು ಜಗಲಿಯ ಅಂಚಿನಲ್ಲಿ ಸಾಲಾಗಿಟ್ಟ ಮೀನುಗಳನ್ನು ನೋಡಿದರು.

ಸೋಮವಾರ ಬೆಳಿಗ್ಗೆ ಕಲ್ಯಾಣಿ ಬಂದಳು. ಬುಟ್ಟಿ ಇಳಿಸಿ, ಕೈ ಒರೆಸಿ, ಒಂದು ಮೀನನ್ನು ಎತ್ತಿ ತನ್ನ ಅಂಗೈಯ ಮೇಲೆ ಉದ್ದಕ್ಕೆ ಮಲಗಿಸಿದಳು. ಸ್ವಲ್ಪ ಹೊತ್ತು ನೋಡಿದಳು. ಅದನ್ನಿಟ್ಟು ಇನ್ನೊಂದನ್ನು ಮಲಗಿಸಿದಳು. ಆಮೇಲೆ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು.

"ಎಂತ?" ಎಂದರು ಇವರು.

"ಚಂದ ಆಗಿದೆ ಪೊರ್ಬುಗಳೇ. ಆದ್ರೆ ಇದು ಅದಲ್ಲ, ಅದರ ಮಕ್ಕಳು."

ಅವಳ ಗಂಡನ ಮೀನು ಅವಳ ಮಣಿಕಟ್ಟಿನಿಂದ ನಡುಬೆರಳಿನ ತುದಿಯವರೆಗೆ ಸರಿಯಾಗಿ ಬರುತ್ತಿತ್ತಂತೆ. ನಮ್ಮದು ಬೆರಳಿನ ಒಂದು ಗೆಣ್ಣು ಕಡಿಮೆ. ಇವರು ನಂಬಲಿಲ್ಲ. ಯಂತ್ರ ತಪ್ಪುವುದಿಲ್ಲ, ಮಾದರಿ ಅದೇ ಅಚ್ಚಿನದು ಎಂದು ಮಣ್ಣಿನ ಮೀನನ್ನು ತಂದು ಅವಳ ಅಂಗೈಯಲ್ಲಿಟ್ಟರು. ಅದೂ ಒಂದು ಗೆಣ್ಣು ಕಡಿಮೆ. ಇವರ ಮುಖ ನಿಧಾನವಾಗಿ ಬದಲಾಯಿತು. ಮಣ್ಣು ಒಣಗುವಾಗ ಒಂದಿಷ್ಟು ಕುಗ್ಗುತ್ತದೆ, ಸುಡುವಾಗ ಇನ್ನೊಂದಿಷ್ಟು ಕುಗ್ಗುತ್ತದೆ. ಕಾರ್ಖಾನೆಯಲ್ಲಿ ಅದಕ್ಕಾಗಿಯೇ ಹಂಚಿನ ಅಚ್ಚುಗಳನ್ನು ಹಂಚಿಗಿಂತ ದೊಡ್ಡದಾಗಿ ಮಾಡುತ್ತಾರೆ. ಎಷ್ಟು ದೊಡ್ಡದಾಗಿ ಎಂಬ ಲೆಕ್ಕವನ್ನು ವರ್ಷಗಟ್ಟಲೆ ಬರೆದವರು ಬೇರೆ ಯಾರೂ ಅಲ್ಲ, ಇವರೇ.

ನಾನು ನಗಬೇಕೆಂದುಕೊಂಡೆ, ಆಗಲಿಲ್ಲ. ಯಾಕೆಂದರೆ ಇದು ನನಗೂ ಗೊತ್ತಿದ್ದ ವಿಷಯ. ಚಿಕ್ಕವಳಿದ್ದಾಗ ನಾವು ಹುಡುಗಿಯರು ಕಾರ್ಖಾನೆಯ ಹೊರಗೆ ಬಿದ್ದ ಮಣ್ಣನ್ನು ಲಂಗದಲ್ಲಿ ತುಂಬಿಕೊಂಡು ಬಂದು ಇಡ್ಲಿ ತಟ್ಟಿ ಬಿಸಿಲಿಗೆ ಇಡುತ್ತಿದ್ದೆವು. ಬೆಳಿಗ್ಗೆ ತಟ್ಟಿದ ಇಡ್ಲಿ ಸಂಜೆಗೆ ಸಣ್ಣದಾಗಿರುತ್ತಿತ್ತು. ಯಾರೋ ಕಾಗೆಯ ಮೇಲೆ, ಯಾರೋ ಪಕ್ಕದ ಮನೆಯ ಹುಡುಗಿಯ ಮೇಲೆ ತಪ್ಪು ಹೊರಿಸಿ ನಾವು ಮಾತು ಬಿಡುತ್ತಿದ್ದೆವು. ಅಚ್ಚು ಒತ್ತುವಾಗ ಪಕ್ಕದಲ್ಲೇ ನಿಂತಿದ್ದ ನನಗೆ ಅದೊಂದೂ ನೆನಪಾಗಲಿಲ್ಲ. ಹಂಚಿನ ಊರಿನಲ್ಲಿ ಹುಟ್ಟಿ ಬೆಳೆದ ಇಬ್ಬರು ಸೇರಿ ಇಂಥ ತಪ್ಪು ಮಾಡಿದೆವು.

ಕಲ್ಯಾಣಿ ಮಾತ್ರ ಮೀನುಗಳನ್ನು ಹಾಗೇ ಬಿಟ್ಟು ಹೋಗಲಿಲ್ಲ. "ಬಾಯಮ್ಮ, ಕಾಡಿಗೆ ಉಂಟಾ?" ಎಂದು ನನ್ನಲ್ಲಿ ಕೇಳಿ ತರಿಸಿಕೊಂಡಳು. ಜಗಲಿಯ ಮೆಟ್ಟಿಲ ಮೇಲೆ ಕುಳಿತು ಸಾಲಿನಲ್ಲಿದ್ದ ಒಂದೊಂದು ಮೀನಿಗೂ ಎರಡೆರಡು ಕಣ್ಣು ಬರೆದಳು.

"ಅಳತೆ ತಪ್ಪಿದವಕ್ಕೆ ಕಣ್ಣು ಎಂತಕ್ಕೆ?" ಎಂದರು ಇವರು ಬೇಸರದಲ್ಲಿ.

"ಸಣ್ಣದಾದ್ರೂ ಮೀನೇ ಅಲ್ವಾ ಪೊರ್ಬುಗಳೇ? ಕುರುಡು ಬಿಡಬಾರದು."

ಅವುಗಳಲ್ಲೊಂದನ್ನು ನಾನು ಹೊಲಿಗೆ ಪೆಟ್ಟಿಗೆಗೆ ಸೇರಿಸಿದೆ. ಮೊಮ್ಮಗಳೇ, ಕಾಲುಚೀಲದ ಮೀನಿಗೆ ಕಣ್ಣು ಬಂದದ್ದು ಹೀಗೆ.

ದೂಮ ಉಳಿದ ಮಕ್ಕಳನ್ನು ಕಡಲಿಗೆ ಕೊಂಡುಹೋಗಿ ನೋಡಿದ. ಅವು ನೀರಿನಲ್ಲಿ ಚಂದವಾಗಿ ಓಡಿದವಂತೆ, ಅಂಜಲ್ ಮಾತ್ರ ತಿರುಗಿಯೂ ನೋಡಲಿಲ್ಲವಂತೆ. ಅವನು ಅಣ್ಣನ ಮೀನನ್ನೇ ಮತ್ತೆ ಹುರಿಗೆ ಕಟ್ಟಿದ. ಇವರು ಇನ್ನೊಮ್ಮೆ ಅಚ್ಚು ತೆಗೆಯುವುದೆಂದು ನಿಶ್ಚಯವಾಯಿತು. ಮತ್ತೆ ದೋಣಿಗೆ ಎಣ್ಣೆ ಬಳಿಯುವ ದಿನ ಬರಲಿ, ಮೀನು ತರುತ್ತೇನೆ ಎಂದು ಕಲ್ಯಾಣಿ ಹೇಳಿದಳು. ಅಂಜಲ್ ಹೇರಳವಾಗಿ ಬರುವ ದಿನಗಳು, ದೋಣಿಗೆ ಬಿಡುವಿರಲಿಲ್ಲ.

ಒಂದು ಬೆಳಿಗ್ಗೆ ಬೆಕ್ಕು ಜಗಲಿಗೆ ಬಂದು ಕೂತಿತು, ಆದರೆ ಸ್ವರ ಕೇಳಿಸಲಿಲ್ಲ. ಕಲ್ಯಾಣಿ ಹುಣಿಯ ಮೇಲೆ ಕೂಗದೆಯೇ ನಡೆದು ಬಂದಳು. ಬುಟ್ಟಿ ಇಳಿಸಿದಳು.

"ಹೋಯ್ತು ಬಾಯಮ್ಮ."

ಏನು ಹೋಯಿತೆಂದು ನಾನು ಕೇಳಲಿಲ್ಲ. ದೊಡ್ಡದೊಂದು ಹಿಡಿದು ಎಳೆದಿತ್ತು, ಹುರಿ ದೋಣಿಯ ಅಂಚಿಗೆ ಉಜ್ಜಿ ಕಡಿಯಿತು. ದೂಮ ಅಳುತ್ತಾ ಮನೆಗೆ ಬಂದನಂತೆ. ಅವನಿಗೆ ಸಮಾಧಾನ ಹೇಳಿ ಹೇಳಿ ತನಗೆ ಅಳುವುದಕ್ಕೇ ಆಗಲಿಲ್ಲ ಎಂದಳು. ಹೇಳಿ ಮುಗಿಸಿ ನಮ್ಮ ಮೆಟ್ಟಿಲ ಮೇಲೆ ಕುಳಿತು ಅತ್ತಳು. ನಾನೂ ಅವಳ ಪಕ್ಕ ಕುಳಿತೆ. ನನಗೂ ದುಃಖ ತಡೆಯಲಾಗಲಿಲ್ಲ. ಬುಟ್ಟಿಯ ಹತ್ತಿರ ಬಂದ ಬೆಕ್ಕನ್ನು ಓಡಿಸುವವರೂ ಇರಲಿಲ್ಲ. ಇವರು ಬಾಗಿಲಲ್ಲಿ ನಿಂತಿದ್ದವರು ಒಳಗೆ ಹೋಗಿ ಅಂಗಿ ಹಾಕಿಕೊಂಡು ಕಾಫಿಯನ್ನೂ ಕುಡಿಯದೆ ಕಾರ್ಖಾನೆಗೆ ಹೋದರು.

ಆಮೇಲೆ ಇವರು ಮಾಡಿದ ಕೆಲಸವನ್ನು ನಾನು ಜೀವನದಲ್ಲಿ ಮರೆಯುವುದಿಲ್ಲ. ಎಂದಿನ ಹಾಗೆ ಅರ್ಧಕ್ಕೆ ಬಿಟ್ಟು ಇನ್ನೊಂದು ಯೋಚನೆಗೆ ಹಾರಲಿಲ್ಲ. ಮಣ್ಣು ಕುಗ್ಗುವ ಲೆಕ್ಕವನ್ನು ಹಿಂದುಮುಂದಾಗಿ ಹಾಕಿದರು. ಮಣ್ಣಿನ ಮೀನನ್ನು ಗೆರೆ ಗೆರೆಯಾಗಿ ಅಳೆದು, ಪ್ರತಿ ಅಳತೆಯನ್ನೂ ಅದು ಕುಗ್ಗಿದಷ್ಟು ಹಿಗ್ಗಿಸಿ, ಕಾಗದದ ಮೇಲೆ ಬರೆದರು. ಕಾಗದ ಕತ್ತರಿಸಿದವಳು ನಾನು. ಸಣ್ಣ ರವಿಕೆಯ ಮಾದರಿಯಿಂದ ದೊಡ್ಡ ರವಿಕೆ ಬೆಳೆಸುವ ಕೈಗೆ ಅದು ಕಷ್ಟವಾಗಲಿಲ್ಲ. ಆ ಕಾಗದವನ್ನು ಗಟ್ಟಿ ಹಲಸಿನ ಹಲಗೆಗೆ ಅಂಟಿಸಿ, ಅದರ ಅಂಚಿನಂತೆ ಹಲಗೆಯನ್ನು ಕೊಯ್ದು ಹೊಸ ಮಾದರಿ ಮಾಡಿದರು. ಬೆರಳು ಈಗ ಆ ಹಲಗೆಯ ಅಂಚನ್ನು ಸವರಬೇಕು. ಅಷ್ಟರಲ್ಲಿ ಕ್ರಿಸ್ಮಸ್ ಹತ್ತಿರ ಬಂದಿತ್ತು. ಫ್ರಾಕಿನ ಬಟ್ಟೆ ಕೊಟ್ಟವರು ದಿನಾ ಬಂದು ವಿಚಾರಿಸಿ ಹೋಗುತ್ತಿದ್ದರು. ನಾನು ಕೆಲವನ್ನು ಕೈಯಲ್ಲೇ ಹೊಲಿದೆ. ಮಿಷನ್ನಿನ ತಲೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನ ಬಾಯಿ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ವಿಷಯವೆಂದು ತಿಳಿದೀತು.

ಹೊಸ ಮೀನುಗಳು ಬಂದವು. ದೂಮ ತಾನೇ ಬಂದು ಅವನ್ನು ಕೊಂಡುಹೋದ. ಮಾತಿಲ್ಲದ ಮನುಷ್ಯ. ಮರಳಿ ಬಂದದ್ದು ಕ್ರಿಸ್ಮಸಿನ ಮುನ್ನಾದಿನ, ಬಾಳೆಲೆಯಲ್ಲಿ ಸುತ್ತಿದ ಅಂಜಲ್ ಮೀನಿನ ನಡುತುಂಡು ಹಿಡಿದುಕೊಂಡು. "ಕಚ್ತದೆ" ಎಂದ. ಅಷ್ಟು ಹೇಳಿ ಹೋದ. ಇವರು ಆ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದರು. ಕೊನೆಗೆ ನಾನೇ ಕಿತ್ತುಕೊಂಡು ಅಡುಗೆಮನೆಗೆ ಹೋಗಬೇಕಾಯಿತು.

ಹಬ್ಬ ಕಳೆದ ಮರುದಿನ ಕಲ್ಯಾಣಿ ಬಂದಾಗ ಅವಳಿಗೆ ಕೊಡಲು ನಾನು ಕುಸ್ವಾರನ್ನು, ಅಂದರೆ ಕ್ರಿಸ್ಮಸಿಗೆ ಮಾಡುವ ತಿಂಡಿಗಳನ್ನು, ತಟ್ಟೆಯಲ್ಲಿಟ್ಟು ಜಗಲಿಗೆ ತಂದೆ. ಇವರು ಹೊಸ ಮೀನುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದೊಂದನ್ನು ಅವಳಿಗಾಗಿಯೇ ತೆಗೆದಿಟ್ಟಿದ್ದರು. ಅದನ್ನು ಕೊಟ್ಟರು. ಅವಳು ಅಂಗೈಯಲ್ಲಿ ಮಲಗಿಸಿದಳು. ಮಣಿಕಟ್ಟಿನಿಂದ ನಡುಬೆರಳಿನ ತುದಿಯವರೆಗೆ ಸರಿಯಾಗಿ ಬಂತು. ಇವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಕಲ್ಯಾಣಿ ಹೆಬ್ಬೆರಳಿನಿಂದ ಅದರ ಹೊಟ್ಟೆಯನ್ನು ಸವರಿದಳು. ಒಮ್ಮೆ ಸವರಿದಳು, ತಿರುಗಿಸಿ ಬೆನ್ನನ್ನೂ ಸವರಿದಳು. ಲೇತಿನಲ್ಲಿ ಕಡೆದ ಮರ, ಮೊಟ್ಟೆಯಷ್ಟು ನುಣುಪು. ಚಾಕುವಿನ ಗೆರೆ ಒಂದೂ ಇಲ್ಲ. "ಅಳತೆ ಸರಿ ಉಂಟು ಪೊರ್ಬುಗಳೇ, ದೋಣಿಗೆ ಇದೇ ಆಗಬೇಕು" ಎಂದು ಮೆಚ್ಚಿ ಮೆಲ್ಲಗೆ ಕೆಳಗಿಟ್ಟಳು. ಆಗ ಅವಳ ಕಣ್ಣು ಕಿಟಕಿಯ ದಂಡೆಯ ಮೇಲಿದ್ದ ಮಣ್ಣಿನ ಮೀನಿನ ಮೇಲೆ ಬಿತ್ತು. ಅಳತೆ ತೆಗೆದ ಮೇಲೆ ನಾವು ಅದನ್ನು ಮರೆತೇ ಬಿಟ್ಟಿದ್ದೆವು. ಅವಳು ಎದ್ದು ಹೋಗಿ ಅದನ್ನು ತೆಗೆದುಕೊಂಡಳು. ಬೆನ್ನ ಮೇಲೆ ಕಬ್ಬಿಣದ ಬೆರಳು ಸವರಿ ಸವರಿ ಒಂದು ಪಟ್ಟಿ ಸವೆದಿತ್ತು. ಅವಳು ಅದನ್ನು ಮಗುಚಿದಳು. ಹೊಟ್ಟೆಯ ಕಡೆ, ಕುಗ್ಗಿದ್ದರೂ ಒಂದೂ ಅಳಿಯದೆ, ಅವನ ಚಾಕುವಿನ ಗೆರೆಗಳೆಲ್ಲ ಹಾಗೆಯೇ ಇದ್ದವು. ಅವಳ ಹೆಬ್ಬೆರಳು ಒಂದೊಂದೇ ಗೆರೆಯ ಮೇಲೆ ನಿಂತು ನಿಂತು ಹೋಯಿತು.

"ಇಲ್ಲಿ ಚಾಕು ಜಾರಿದ್ದು" ಎಂದಳು. "ನಾನು ಊಟಕ್ಕೆ ಕರೆದದ್ದು. ಅದಕ್ಕೆ ಜಾರಿತು ಅಂತ ನನಗೆ ಬೈದಿದ್ರು."

ಅವಳು ಮೀನನ್ನು ಕೆಳಗಿಡಲಿಲ್ಲ.

"ಇದು ನನಗೆ ಕೊಡ್ತೀರಾ ಪೊರ್ಬುಗಳೇ?"

"ಅದಾ?" ಎಂದರು ಇವರು. "ಅದು ಅಳತೆ ತಪ್ಪಿದ್ದು ಕಲ್ಯಾಣಿ. ನನ್ನ ಲೆಕ್ಕ ತಪ್ಪಿ ಕುಗ್ಗಿ ಹೋದದ್ದು."

ಅವಳು ಮೊದಲು ನನ್ನಲ್ಲಿ ಕಾಡಿಗೆ ಕೇಳಿದಳು. ಮಣ್ಣಿನ ಮೀನಿಗೆ ಅಲ್ಲಿಯವರೆಗೆ ಕಣ್ಣಿರಲಿಲ್ಲ. ಎರಡು ಕಣ್ಣು ಬರೆದು ಊದಿ ಒಣಗಿಸಿದಳು. ಆಮೇಲೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಎಲೆಅಡಿಕೆಯ ಸಂಚಿ ತೆಗೆದು, ಅದರೊಳಗೆ ಮೀನನ್ನು ಇಳಿಸಿ, ದಾರ ಎಳೆದು ಕಟ್ಟಿ ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. ಸಂಚಿ ತುಂಬಿ ನಿಂತಿತು, ಬಾಯಿ ಕಟ್ಟಲು ಕೂದಲೆಳೆಯಷ್ಟು ಜಾಗ ಉಳಿದಿತ್ತು.

"ಅಳತೆ ಸರಿ ಆಗಿದ್ರೆ ಇದರಲ್ಲಿ ಹಿಡೀತಿರ್ಲಿಲ್ಲ, ಮನೆಯಲ್ಲೇ ಬಿಟ್ಟು ಬರಬೇಕಿತ್ತು" ಎಂದಳು. "ಈಗ ನನ್ನ ಜೊತೆಗೇ ತಿರುಗ್ತದೆ."

ಅವಳು ಬುಟ್ಟಿಯ ಕಡೆ ಬಾಗಿದಳು. ದಿನಾ ಬುಟ್ಟಿ ಎತ್ತಲು ಕೈ ಕೊಡುತ್ತಿದ್ದವಳು ನಾನು. ಅಂದು ಇವರು ಕಾರ್ಖಾನೆಯ ಬಿಳಿ ಅಂಗಿಯಲ್ಲೇ ಮೆಟ್ಟಿಲಿಳಿದು ಬಂದು, ಮೀನಿನ ನೀರು ಸೋರುತ್ತಿದ್ದ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ತಲೆಯ ಮೇಲಿಟ್ಟರು.